ಪೆಟ್ಟಿಗೆ ತೆಗೆಯುವ ಮಾತು

ಜನವರಿ ೧೧

ಮೂರು ವಾರ ಮಾತಾಡಬಾರದಂತೆ. ಬೀದಿಕೊನೆಯ ಕ್ಲಿನಿಕ್ಕಿನ ಡಾಕ್ಟರು ನನ್ನ ಬಾಯಿಯೊಳಗೆ ಟಾರ್ಚು ಬಿಟ್ಟು, ಕದ್ದ ಮಾಲು ಹುಡುಕುವವರ ಹಾಗೆ ಅತ್ತಿತ್ತ ನೋಡಿ, ಗ್ಯಾಸು ಮೇಲಕ್ಕೆ ಬಂದು ಗಂಟಲು ಸುಡುತ್ತಿದೆ, ಜೊತೆಗೆ ನೀವು ಅರಚುವುದೂ ಜಾಸ್ತಿ ಎಂದು ತೀರ್ಪು ಕೊಟ್ಟರು. ದನಿ ಕಟ್ಟಿ ಮೂರು ತಿಂಗಳಾಯಿತು ಅಂದೆ. ಅರಚುವುದು ನಿಲ್ಲಿಸಿ ಅಂದರು. ನಾನು ಡ್ರೈವಿಂಗ್ ಕಲಿಸುವವಳು ಅಂದೆ. ಆಮೇಲೆ ಮೆತ್ತಗೆ ಕಲಿಸಿ ಅಂದರು. ಎದುರಿಗೆ ಲಾರಿ ಬರುವಾಗ ಮೆತ್ತಗೆ ‘ಬ್ರೇಕು’ ಅನ್ನುವುದು ಹೇಗೆಂದು ಅವರೇ ಒಂದು ಸಲ ಬಂದು ತೋರಿಸಿಕೊಡಬೇಕು.

ಮಾತು ಹೊರಗೆ ಬಿಡದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಈ ಡೈರಿ. ಟೈರಿನ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ‘ಗಾಳಿ ಪರೀಕ್ಷಿಸಿ’ ಎಂದು ಅಚ್ಚಾಗಿದೆ.

ಕ್ಲಿನಿಕ್ಕಿಗೆ ಹೋಗುವಂತಾದದ್ದು ಬಾಗಿಲಿನಿಂದ. ಮನೆಯಲ್ಲಿ ಮಹಾರಾಣಿಯವರಿದ್ದಾರೆ, ಅಂದರೆ ನಮ್ಮ ಅತ್ತೆ. ಎಂಬತ್ತು ದಾಟಿದೆ. ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು, ಕಿವಿ ಮಾತ್ರ ಯಾವತ್ತೋ ರಾಜೀನಾಮೆ ಕೊಟ್ಟು ಹೋಗಿದೆ. ಒಬ್ಬರೇ ಇದ್ದಾಗ ಕಳ್ಳರ ಭಯಕ್ಕೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಆಮೇಲೆ ಕರೆಗಂಟೆ ಕೇಳುವುದಿಲ್ಲ, ಫೋನು ಕೇಳುವುದಿಲ್ಲ, ಹೆತ್ತ ಮಗ ಬಾಗಿಲು ಬಡಿದರೂ ಕೇಳುವುದಿಲ್ಲ. ಅವರಿಗೆ ಈ ಪ್ರಪಂಚದಲ್ಲಿ ಕೇಳುವುದು ಒಂದೇ ಸದ್ದು, ಗೇಟಿನಲ್ಲಿ ನಿಂತು ನಾನು ‘ಅತ್ತೆ, ಬಾಗಿಲು ತೆಗೀರಿ’ ಎಂದು ಕೂಗುವುದು. ಆಗ ಬೀದಿನಾಯಿಗಳೂ ಎದ್ದು ನಿಲ್ಲುತ್ತವೆ.

ಇವರು, ಅಂದರೆ ನಮ್ಮ ಯಜಮಾನರು, ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಮಾತನ್ನು ಮಸೂರದ ಹಾಗೆ ಒರೆಸಿ ಒರೆಸಿ ಒಳಗೇ ಇಟ್ಟುಕೊಳ್ಳುವ ಮನುಷ್ಯ. ಕೆಲವು ವರ್ಷದ ಹಿಂದೆ ತಾಯಿಗೆ ಕಿವಿ ಕೇಳುವ ಯಂತ್ರ ತಂದುಕೊಟ್ಟರು. ಅದರ ನೀಲಿ ಪೆಟ್ಟಿಗೆ ಬೀರುವಿನ ಮೇಲೆ ತೆಗೆಯದೆ ಬಿದ್ದಿದೆ. ಹಾಕಿಕೊಂಡರೆ ಕಿವುಡಿ ಎಂದು ಬೀದಿಗೆಲ್ಲ ಗೊತ್ತಾಗುತ್ತದಂತೆ. ಬೀದಿಗೆ ಗೊತ್ತಿಲ್ಲದ್ದು ಅದೊಂದೇ ನೋಡಿ. ‘ನಿನ್ನ ಹೆಂಡತಿ ಗಂಟಲು ಇರೋವಾಗ ನನಗೆ ಯಂತ್ರ ಯಾಕೆ’ ಎಂದರಂತೆ. ಹೊಗಳಿದ್ದಲ್ಲ.

ಸೋಮವಾರ ಸಂಜೆ ಗೇಟಿನಲ್ಲಿ ನಿಂತು ಬಾಯಿ ತೆಗೆದರೆ ಹಳೇ ಟ್ಯೂಬಿನಿಂದ ಗಾಳಿ ಹೋದ ಹಾಗೆ ಸುಂಯ್ ಎಂದಿತು. ಮತ್ತೆ ಕೂಗಿದೆ. ನಾಯಿ ಕೂಡ ಕಣ್ಣು ಬಿಡಲಿಲ್ಲ. ಇವರು ಅಂಗಡಿ ಮುಚ್ಚಿ ಬರುವ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ಕೊನೆಗೆ ಅಂಗಳ ಗುಡಿಸುವ ಪೊರಕೆಯ ಹಿಡಿಯನ್ನು ಕಿಟಕಿಯಿಂದ ತೂರಿಸಿ ಮಹಾರಾಣಿಯವರ ಕುರ್ಚಿ ಅಲ್ಲಾಡಿಸಬೇಕಾಯಿತು. ಬಾಗಿಲು ತೆಗೆದವರು ಮೊದಲು ಕೇಳಿದ್ದು, ಕೂಗೋಕೆ ಏನಾಗಿತ್ತು ನಿನಗೆ ಎಂದು.

ಜನವರಿ ೧೯

ಮನೆಗೆ ಸ್ಲೇಟು ಬಂದಿದೆ. ನಮ್ಮ ಜಗಳಗಳೆಲ್ಲ ಈಗ ಲಿಖಿತ ರೂಪದಲ್ಲಿ. ಇದರಲ್ಲಿ ದೊಡ್ಡ ತೊಂದರೆ ಏನೆಂದರೆ ನಾನು ಬರೆದು ಮುಗಿಸುವಷ್ಟರಲ್ಲಿ ಸಿಟ್ಟು ಆರಿಹೋಗಿರುತ್ತದೆ. ಮಹಾರಾಣಿಯವರು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಓದುವಷ್ಟರಲ್ಲಿ ಜಗಳದ ವಿಷಯವೇ ಹಳತಾಗಿರುತ್ತದೆ.

ಸಾಲದ್ದಕ್ಕೆ ತಿದ್ದುತ್ತಾರೆ. ಇವತ್ತು ಹಾಲು ಉಕ್ಕಿಸಿದ್ದಕ್ಕೆ ‘ನಿಮಗೆ ಬುದ್ದಿ ಇಲ್ಲವಾ’ ಎಂದು ಬರೆದು ಮುಖಕ್ಕೆ ಹಿಡಿದೆ. ನಿಧಾನವಾಗಿ ಓದಿ, ‘ಬುದ್ಧಿಗೆ ಹೊಟ್ಟೆ ಸೀಳಬೇಕು’ ಎಂದು ಬಳಪ ಕಿತ್ತುಕೊಂಡು ತಾವೇ ಸೀಳಿ ವಾಪಸು ಕೊಟ್ಟರು. ನಾನು ಒಲೆ ಒರೆಸಿದೆ.

ಕಲಿಯುವವರನ್ನೆಲ್ಲ ಪಕ್ಕದ ರಸ್ತೆಯ ಸ್ಕೂಲಿಗೆ ದಾಟಿಸಿದೆ. ಒಬ್ಬರು ಮಾತ್ರ ಹೋಗಲೊಲ್ಲರು. ದರ್ಜಿ. ಐವತ್ತು ವರ್ಷ, ಟೆಸ್ಟಿನಲ್ಲಿ ಈಗಾಗಲೇ ಮೂರು ಸಲ ಫೇಲು. ಜನ್ಮವೆಲ್ಲ ಹೊಲಿಗೆ ಯಂತ್ರ ತುಳಿದ ಕಾಲು, ಕ್ಲಚ್ಚಿನ ಮೇಲೆ ಇಟ್ಟರೆ ತುಳಿಯುತ್ತಲೇ ಇರುತ್ತದೆ. ಕಾರು ಅಂಗಿಯ ಅಂಚು ಹೊಲಿದುಕೊಂಡು ಹೋಗುವ ಹಾಗೆ ಕುಪ್ಪಳಿಸುತ್ತದೆ. ಬೇರೆ ಸ್ಕೂಲಿಗೆ ಹೋಗಿ ಎಂದು ಬರೆದು ತೋರಿಸಿದೆ. ‘ಅಲ್ಲಿ ಬೈಯೋದಿಲ್ವಂತೆ ಮೇಡಂ, ನನಗೆ ಬೈದ್ರೇ ತಲೆಗೆ ಹೋಗೋದು’ ಅಂದರು. ಕಾಯುತ್ತಾರಂತೆ.

ಫೆಬ್ರವರಿ ೨

ಮೌನವ್ರತ ಮುಗಿಯಿತು, ದನಿ ಬರಲಿಲ್ಲ. ಈಗ ನುಂಗುವಾಗ ಏನೋ ಅಡ್ಡ ಸಿಕ್ಕಿದಂತೆ ಆಗುತ್ತದೆ. ಗ್ಯಾಸಿನ ಮಾತ್ರೆ ಬರೆದವರು ಕೈಚೆಲ್ಲಿ ಆಸ್ಪತ್ರೆಯ ಗಂಟಲ ಡಾಕ್ಟರ ಬಳಿ ಕಳಿಸಿದರು.

ಗಂಟಲ ಡಾಕ್ಟರು ಗಂಟಲಿಗೆ ಮೂಗಿನಿಂದ ಹೋಗುತ್ತಾರೆ. ಬಾಯಿ ಇಷ್ಟಗಲ ಇರುವಾಗ ಇದು ಯಾವ ಅಡ್ಡದಾರಿಯೋ. ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಕೊಳವೆ ಬಿಟ್ಟು ಟಿವಿಯಲ್ಲಿ ತೋರಿಸಿದರು. ನನ್ನ ದನಿಯ ಮನೆಯನ್ನು ಮೊದಲ ಸಲ ನೋಡಿದೆ. ಇಡೀ ಬೀದಿಯನ್ನು ಎಬ್ಬಿಸುತ್ತಿದ್ದದ್ದು ಎರಡು ಬಿಳಿ ದಾರದ ಎಳೆಗಳು, ಅಷ್ಟೇ. ಎಡಗಡೆಯ ಎಳೆಯ ಮೇಲೆ ಒಂದು ಉಬ್ಬು ಕೂತಿದೆ. ನುಣ್ಣಗಿದೆ, ಮೇಲಿನ ಚರ್ಮ ಎಲ್ಲೂ ಒಡೆದಿಲ್ಲ. ಡಾಕ್ಟರು ಅದನ್ನು ತುಂಬ ಹೊತ್ತು ನೋಡಿದರು. ನೀವು ಸಿಗರೇಟು ಸೇದುತ್ತೀರಾ ಎಂದು ಕೇಳಿದರು. ಇಲ್ಲ, ಬೇರೆಯವರು ಬಿಟ್ಟ ಹೊಗೆ ಕುಡಿಯುತ್ತೇನೆ, ಟ್ರಾಫಿಕ್ಕಿನಲ್ಲಿ ಧರ್ಮಕ್ಕೆ ಸಿಗುತ್ತದೆ ಅಂದೆ. ಅವರು ನಗಲಿಲ್ಲ.

ಫೆಬ್ರವರಿ ೧೦

ಮೊನ್ನೆ ಪ್ರಜ್ಞೆ ತಪ್ಪಿಸಿ, ಉಬ್ಬಿನಿಂದ ಒಂದು ಚೂರು ತೆಗೆದರು. ಎದ್ದಾಗ ತುಟಿ ಊದಿತ್ತು. ಚೂರು ಲ್ಯಾಬಿಗೆ ಹೋಗಿದೆ.

ಮನೆಗೆ ಬಂದರೆ ಮಹಾರಾಣಿಯವರು, ‘ಸಿಕ್ತಾ?’ ಅಂದರು, ನಾನೇನೋ ಕಳೆದುಕೊಂಡ ಬೀಗದ ಕೈ ಹುಡುಕಿಸಲು ಹೋಗಿದ್ದೆ ಎನ್ನುವ ಹಾಗೆ.

ಫೆಬ್ರವರಿ ೨೦

ಕ್ಯಾನ್ಸರಂತೆ.

ಇವರೂ ಜೊತೆಗಿದ್ದರು. ಗಂಟಲ ಡಾಕ್ಟರು ಆ ಪದವನ್ನು ಮಾತ್ರ ಮೆತ್ತಗೆ ಹೇಳಿದರು. ಉಳಿದದ್ದನ್ನೆಲ್ಲ ರೈಲು ಹಿಡಿಯುವವರ ಹಾಗೆ ಹೇಳಿ ಮುಗಿಸಿದರು. ನನ್ನ ತಲೆಯೊಳಗೆ ವೈಪರ್ ಹಾಕಿದ ಹಾಗೆ ಒಂದು ಸದ್ದು, ಅದರ ನಡುವೆ ಬಿಟ್ಟು ಬಿಟ್ಟು ಕೇಳಿಸಿತು. ‘ಧ್ವನಿಪೆಟ್ಟಿಗೆ ತೆಗೀಬೇಕಾಗುತ್ತೆ’ ಅಂದರು. ತೆಗೀರಿ ಅಂದೆ. ಹೋದ ಸಲ ಚೂರು ತೆಗೆದು ಗೊತ್ತಾಗಿಲ್ಲವೆಂದರೆ ಈ ಸಲ ಪೂರ್ತಿ ತೆಗೆದು ನೋಡಲಿ. ಆಮೇಲೆ ಮಾತಾಡೋದನ್ನು ಹೊಸದಾಗಿ ಕಲೀಬೇಕಾಗುತ್ತೆ ಅಂದರು. ಈ ಡಾಕ್ಟರದೂ ಅದೇ ರಾಗ, ಮೆತ್ತಗೆ ಮಾತಾಡಿ ಎಂದು. ಆಗಲಿ ಅಂದೆ. ‘ನಿಮ್ಮ ಧೈರ್ಯ ಮೆಚ್ಚಬೇಕಮ್ಮ’ ಎಂದು ಎದ್ದು ನಿಂತರು. ಅಷ್ಟಕ್ಕೆಲ್ಲ ಎದ್ದು ನಿಲ್ಲುವುದೇನಿತ್ತೋ.

ಮನೆಯಲ್ಲಿ ಸ್ಲೇಟಿನ ಮೇಲೆ ‘ಕ್ಯಾನ್ಸರ್. ಪೆಟ್ಟಿಗೆ ತೆಗೀತಾರೆ’ ಎಂದು ಬರೆದೆ. ಮಹಾರಾಣಿಯವರು ಎರಡು ಸಲ ಓದಿದರು. ತಿದ್ದಲಿಲ್ಲ. ‘ತೆಗೆದು ನೋಡ್ಲಿ ಬಿಡು, ಒಳಗೇನಿದೆ ಅಂತ ಗೊತ್ತಾಗ್ಲಿ’ ಅಂದರು. ಮದುವೆಯಾದಾಗಿನಿಂದ ನಮ್ಮಿಬ್ಬರಿಗೆ ಒಮ್ಮತ ಬಂದದ್ದು ಇದೇ ಮೊದಲು.

ಫೆಬ್ರವರಿ ೨೩

ಇವರಿಗೆ ಏನೋ ಆಗಿದೆ. ನನ್ನ ಮುಖ ನೋಡುವುದಿಲ್ಲ. ನೋಡಿದರೆ ಬಚ್ಚಲಿಗೆ ಹೋಗುತ್ತಾರೆ. ಇವತ್ತು ಫೋನು ನನ್ನ ಬಾಯಿಯ ಹತ್ತಿರ ಹಿಡಿದು, ‘ಬಾಗಿಲು ತೆಗೀರಿ ಅನ್ನು ಒಂದು ಸಲ’ ಅಂದರು. ಯಾಕೆ ಅಂದೆ. ಸುಮ್ಮನೆ ಅಂದರು. ಆ ಒಡಕು ದನಿಯಲ್ಲೇ ಅಂದೆ. ಇನ್ನೊಂದು ಸಲ ಅನ್ನು ಅಂದರು. ನಿಮಗೆ ತಲೆ ಕೆಟ್ಟಿದೆ ಅಂದೆ. ಅದನ್ನೂ ರೆಕಾರ್ಡು ಮಾಡಿಕೊಂಡರು.

ಫೆಬ್ರವರಿ ೨೬

ಆಸ್ಪತ್ರೆ. ನಾಳೆ ಆಪರೇಷನ್ ಎಂದು ಇವತ್ತೇ ಮಲಗಿಸಿದರು. ಈಗ ಸಂಜೆ.

ಮಧ್ಯಾಹ್ನ ಒಬ್ಬ ನರ್ಸು ಕನ್ನಡಿ ಮತ್ತು ಒಂದು ಚಿತ್ರ ಹಿಡಿದುಕೊಂಡು ಬಂದಳು. ಚಿತ್ರದಲ್ಲಿ ಒಬ್ಬ ಮನುಷ್ಯ ನಗುತ್ತಿದ್ದ. ಅವನ ಕುತ್ತಿಗೆಯ ಕೆಳಗೆ ಕಾಸಿನಗಲ ತೂತು. ಇನ್ನು ಮೇಲೆ ನೀವು ಇಲ್ಲಿಂದ ಉಸಿರಾಡುತ್ತೀರಿ, ಸ್ನಾನ ಮಾಡುವಾಗ ನೀರು ಹೋಗದ ಹಾಗೆ ನೋಡಿಕೊಳ್ಳಬೇಕು, ಹೇಗೆ ಒರೆಸಬೇಕು ಎಂದು ಕನ್ನಡಿಯಲ್ಲಿ ತೋರಿಸುತ್ತೇನೆ ಅಂದಳು. ಎಷ್ಟು ದಿನ ಹೀಗೆ, ಮುಚ್ಚುವುದು ಯಾವಾಗ ಎಂದು ಕೇಳಿದೆ.

‘ಏನನ್ನ ಮೇಡಂ?’

‘ತೆಗೆದ ಪೆಟ್ಟಿಗೇನ.’

ಅವಳು ಕನ್ನಡಿಯನ್ನು ಮಂಚದ ಮೇಲೆ ಬೋರಲು ಇಟ್ಟಳು. ಇವರ ಕಡೆ ನೋಡಿದೆ. ಇವರು ಗೋಡೆಯ ಕಡೆ ನೋಡುತ್ತಿದ್ದರು. ಆಗ ಗೊತ್ತಾಯಿತು. ತೆಗೆಯುವುದೆಂದರೆ ಬಾಗಿಲು ತೆಗೆದ ಹಾಗಲ್ಲ, ಹಲ್ಲು ತೆಗೆದ ಹಾಗೆ. ಕಿತ್ತು ಬಿಸಾಡುವುದು. ಇವರಿಗೆ ಮೊದಲ ದಿನವೇ ಅರ್ಥವಾಗಿತ್ತು. ನನಗೂ ಅರ್ಥವಾಗಿದೆ, ಗಟ್ಟಿಗಿತ್ತಿ, ಸಹಿಸಿಕೊಂಡಿದ್ದಾಳೆ ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದರಂತೆ. ಜನ್ಮದಲ್ಲಿ ಒಂದು ಸಲ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು ಈ ಮನುಷ್ಯನಿಗೆ.

ಗಂಟಲ ಡಾಕ್ಟರನ್ನು ಕರೆಸಿದೆ. ತೆಗೀತೀವಿ ಅಂದಿರಲ್ಲ ಅಂದೆ. ಹೌದು, ತೆಗೀತೀವಿ ಅಂದೆನಲ್ಲ ಅಂದರು. ಹೀಗೇ ಸ್ವಲ್ಪ ಹೊತ್ತು ಇಬ್ಬರೂ ಒಂದೇ ಮಾತನ್ನು ಒಬ್ಬರ ಮೇಲೊಬ್ಬರು ಎಸೆದಾಡಿದೆವು. ಆಮೇಲೆ ಅವರಿಗೂ ಹೊಳೆಯಿತು. ಕುರ್ಚಿ ಎಳೆದು ಕೂತು, ಆ ಚೂರಿನಲ್ಲಿ ಕಂಡ ಕೆಟ್ಟ ಕಣ ಯಾವುದು, ಗಂಟಲಲ್ಲಿ ಬರುವ ಗಡ್ಡೆ ಸಾಮಾನ್ಯವಾಗಿ ಯಾವ ಜಾತಿಯದು, ಇಷ್ಟು ಬೆಳೆದರೆ ಯಾಕೆ ಪೂರ್ತಿ ತೆಗೆಯುತ್ತಾರೆ ಎಂದು ಮೊದಲ ಸಲ ನಿಧಾನವಾಗಿ ಹೇಳಿದರು. ನಾನು ಇದ್ದಬದ್ದ ಗಾಳಿಯನ್ನೆಲ್ಲ ಒಟ್ಟು ಮಾಡಿ ಹೇಳಿದೆ:

‘ಮೊದ್ಲು ತೆಗೆದು ನೋಡಿ. ಆಮೇಲೆ ತೆಗೆಯೋ ಮಾತು.’

ಅವರು ನಗಬಹುದಿತ್ತು. ನಗಲಿಲ್ಲ. ಆ ಉಬ್ಬು ನುಣ್ಣಗಿರುವುದು ನನಗೂ ಒಂದು ಮೂಲೆಯಲ್ಲಿ ಕೊರೆಯುತ್ತಿತ್ತು ಅಂದರು. ಮಾಮೂಲಿ ಗಡ್ಡೆಯಾದರೆ ಮೇಲಿನ ಚರ್ಮ ಹುಣ್ಣಾಗಿ ಒರಟಾಗಿರುತ್ತದಂತೆ. ಹೋದ ಸಲದ ಚೂರು ಚಿಕ್ಕದು, ಇಕ್ಕಳದಲ್ಲಿ ನಜ್ಜುಗುಜ್ಜೂ ಆಗಿತ್ತಂತೆ. ನಾಳೆ ಪೆಟ್ಟಿಗೆ ಮುಟ್ಟುವುದಿಲ್ಲ, ಆಳದಿಂದ ದೊಡ್ಡ ಚೂರು ತೆಗೆದು, ಬಣ್ಣ ಹಾಕಿ ಕಣದ ಜಾತಿ ಹಿಡಿಯುವ ಬೇರೆ ಲ್ಯಾಬಿಗೆ ಕಳಿಸುತ್ತೇನೆ ಅಂದರು. ಏನೂ ಬದಲಾಗದೆಯೂ ಇರಬಹುದು, ಆಸೆ ಇಟ್ಟುಕೊಳ್ಳಬೇಡಿ ಎಂದೂ ಅಂದರು.

ಅವರು ಹೋದ ಮೇಲೆ ಇವರು ನನ್ನ ಕಾಲಿನ ಹತ್ತಿರ ಕೂತು ಅತ್ತರು. ನಾನು ಬೈಯೋಣವೆಂದು ನೋಡಿದೆ, ದನಿ ಖಾಲಿಯಾಗಿತ್ತು.

ಮಾರ್ಚ್ ೧

ಭಯವಾಗುತ್ತಿದೆ. ಸಾಯುವುದಕ್ಕಲ್ಲ. ಅಂದರೆ ಅದಕ್ಕೂ ಆಗುತ್ತಿದೆ, ಸುಳ್ಳು ಯಾಕೆ ಬರೆಯಲಿ, ಇದನ್ನು ಓದುವವರು ಯಾರು. ಆದರೆ ಅದಕ್ಕಿಂತ ಹೆಚ್ಚಿಗೆ ಗೇಟಿನಲ್ಲಿ ನಿಂತು ಕೂಗಲಾಗದೆ ಇರುವುದಕ್ಕೆ.

ಮಾರ್ಚ್ ೯

ಪೆಟ್ಟಿಗೆ ಉಳಿಯಿತು.

ಇದಕ್ಕೆ ಲಿಂಫೋಮಾ ಎಂದು ಹೆಸರು. ಗಂಟಲ ಡಾಕ್ಟರು ನನ್ನನ್ನು ರಕ್ತದ ಡಾಕ್ಟರಿಗೆ ಒಪ್ಪಿಸಿದರು. ಈಕೆ ನನ್ನ ತಂಗಿಯ ವಯಸ್ಸಿನವಳು. ನಮ್ಮ ರಕ್ತದಲ್ಲಿ ಕಾವಲು ಕಾಯುವ ಬಿಳಿಕಣಗಳಿರುತ್ತವಂತೆ. ಅದರಲ್ಲೇ ಒಂದು ಗುಂಪು ಕೆಟ್ಟು, ಕೆಲಸ ಬಿಟ್ಟು, ಒಂದು ಕಡೆ ಬೀಡುಬಿಟ್ಟರೆ ಲಿಂಫೋಮಾ. ಸಾಮಾನ್ಯವಾಗಿ ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟಾಗುತ್ತದೆ. ಧ್ವನಿಪೆಟ್ಟಿಗೆಯಲ್ಲಿ ಕೂರುವುದು ಬಲು ಅಪರೂಪ, ಅಲ್ಲಿ ಬರುವ ಗಡ್ಡೆಗಳಲ್ಲಿ ನೂರಕ್ಕೆ ಒಂದೂ ಇದಲ್ಲವಂತೆ. ‘ಇದಕ್ಕೆ ಕತ್ತರಿ ಬೇಡ. ಔಷಧಿಗೆ ಕರಗುತ್ತೆ, ಆಮೇಲೆ ಸ್ವಲ್ಪ ಕರೆಂಟು, ಅಂದ್ರೆ ರೇಡಿಯೇಷನ್, ಕೊಡ್ತೀವಿ’ ಅಂದಳು. ಅವಳ ಕಣ್ಣಲ್ಲಿ ಹೊಳಪಿತ್ತು. ಈ ಜಾಗದಲ್ಲಿ ಇದನ್ನು ಅವಳು ನೋಡುತ್ತಿರುವುದು ಇದೇ ಮೊದಲಂತೆ. ಇಬ್ಬರು ಕಲಿಯುವ ಡಾಕ್ಟರುಗಳನ್ನು ಕರೆದು ನನ್ನ ಗಂಟಲು ತೋರಿಸಿದಳು. ಜೀವನದಲ್ಲಿ ಒಂದು ಬಹುಮಾನ ಬರಲಿಲ್ಲ ನನಗೆ, ಈಗ ಬಂದಿದೆ.

ಸ್ಲೇಟಿನಲ್ಲಿ ಬರೆದೆ: ‘ಪೆಟ್ಟಿಗೆ ತೆಗೆಯುವುದಿಲ್ಲ.’ ಅಷ್ಟರಲ್ಲಿ ಇವರಿಂದ ತೆಗೆಯುವುದರ ಅರ್ಥ ಅತ್ತೆಗೂ ಗೊತ್ತಾಗಿತ್ತು. ಅದನ್ನು ಅಳಿಸಬೇಡ ಅಂದರು. ಬೇರೆ ಸ್ಲೇಟು ತರಿಸಿದ್ದಾರೆ. ಹಳೆಯದು ಅಡುಗೆಮನೆಯ ಗೂಡಿನಲ್ಲಿ ಕೂತಿದೆ.

ಮಾರ್ಚ್ ೨೩

ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ನೋಡಿದರು. ಇಡೀ ಮೈಯನ್ನು ದೊಡ್ಡ ಸ್ಕ್ಯಾನಿನೊಳಗೆ ತಳ್ಳಿದರು. ಬೇರೆಲ್ಲೂ ಇಲ್ಲ. ಬಾಡಿಗೆಗೆ ಬಂದವರು ಒಂದೇ ಕೋಣೆಯಲ್ಲಿದ್ದಾರೆ.

ನಿನ್ನೆ ಮೊದಲ ಔಷಧಿ. ಬಾಟಲಿಗಳಲ್ಲಿ ಒಂದು ಷರಬತ್ತಿನ ಹಾಗೆ ಕೆಂಪಗಿತ್ತು. ಅದು ಮೂತ್ರಕ್ಕೂ ಬಣ್ಣ ಹಾಕುತ್ತದೆ ಎಂದು ನರ್ಸು ಮೊದಲೇ ಹೇಳಿದ್ದಳು, ಆದರೂ ಬಚ್ಚಲಲ್ಲಿ ಬಗ್ಗಿ ಎರಡೆರಡು ಸಲ ನೋಡಿದೆ. ಜೊತೆಗೆ ಐದು ದಿನ ನುಂಗಲು ಒಂದು ಮಾತ್ರೆ. ಅದನ್ನು ನುಂಗಿದರೆ ಆನೆ ಹಸಿವು, ನಿದ್ದೆ ಇಲ್ಲ, ಕಂಡವರ ಮೇಲೆಲ್ಲ ರೇಗಬೇಕೆನಿಸುತ್ತದೆ. ಔಷಧಿಯ ಪ್ರಭಾವ ಎಂದು ಇವರಿಗೆ ಹೇಳಿದೆ. ‘ಏನೂ ವ್ಯತ್ಯಾಸ ಕಾಣ್ತಿಲ್ವಲ್ಲ’ ಅಂದರು. ಈ ಮನುಷ್ಯ ತಮಾಷೆ ಮಾಡುವುದನ್ನು ಯಾವಾಗ ಕಲಿತರೋ.

ಏಪ್ರಿಲ್ ೮

ದಿಂಬಿನ ಮೇಲೆ ಕೂದಲು. ಬಾಚಣಿಗೆಯಲ್ಲಿ ಕೂದಲು. ಗಂಜಿಯಲ್ಲಿ ಕೂದಲು. ಸಂಜೆಯ ಹೊತ್ತಿಗೆ ಬೇಸತ್ತು ಉಳಿದದ್ದನ್ನೂ ಬೋಳಿಸಿಕೊಂಡೆ.

ಅತ್ತೆ ನೋಡಿ, ‘ನಿನ್ನ ತಲೆ ಇಷ್ಟು ಚಿಕ್ಕದಾ’ ಅಂದರು. ಆಮೇಲೆ ತಮ್ಮ ಮೆತ್ತನೆಯ ಹತ್ತಿಯ ಶಾಲನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು ಕೊಟ್ಟರು. ಯಾರಿಗೂ ಮುಟ್ಟಗೊಡದ ಶಾಲು ಅದು. ಕಟ್ಟಿಕೊಂಡೆ. ಅದರಲ್ಲಿ ಅವರ ಪೌಡರಿನ ವಾಸನೆ. ಮೊದಲು ಆ ವಾಸನೆಗೆ ನನಗೆ ತಲೆನೋವು ಬರುತ್ತಿತ್ತು.

ಮೇ ೧೧

ಮೂರನೆಯ ಔಷಧಿ ಮುಗಿದಿದೆ. ಉಬ್ಬು ಅರ್ಧಕ್ಕಿಂತ ಕಡಿಮೆ. ದನಿ ಸ್ವಲ್ಪ ಸ್ವಲ್ಪ ಮರಳಿದೆ, ಸ್ವೆಟರು ಹಾಕಿಕೊಂಡು ಒಳಗಿನಿಂದ ಮಾತಾಡಿದ ಹಾಗೆ. ಅರಚಲು ಪರವಾನಗಿ ಇಲ್ಲ.

ದರ್ಜಿ ಬಂದಿದ್ದರು. ಇಷ್ಟು ದಿನವೂ ಕಾದಿದ್ದಾರೆ. ಮೈಯಲ್ಲಿ ಶಕ್ತಿಯಿದ್ದ ದಿನ ನೋಡಿ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ನನ್ನ ಕಡೆಯೂ ಬ್ರೇಕಿದೆ, ಕ್ಲಚ್ಚಿದೆ, ಸಾಯುವುದಾದರೆ ದರ್ಜಿಯಿಂದ ಸಾಯಬಾರದೆಂದು ಅವೆರಡನ್ನೂ ಪರೀಕ್ಷಿಸಿಕೊಂಡೆ. ಬೈಯಲು ಆಗುವುದಿಲ್ಲ. ಸ್ಟೀಲಿನ ಸ್ಕೇಲು ತೆಗೆದುಕೊಂಡು ಡ್ಯಾಶ್‌ಬೋರ್ಡಿನ ಮೇಲೆ ತಟ್ಟಿದೆ. ಒಂದು ತಟ್ಟಿದರೆ ಕ್ಲಚ್ಚು ಬಿಡು, ಎರಡಕ್ಕೆ ಬ್ರೇಕು. ಸ್ವಲ್ಪ ಹೊತ್ತಿಗೆ ಅವರ ಕಾಲು ಆ ತಾಳಕ್ಕೆ ಕೂತುಬಿಟ್ಟಿತು. ಕಾರು ಒಂದೂ ಕುಪ್ಪಳಿಸದೆ ಇಡೀ ಮೈದಾನ ಸುತ್ತಿತು. ‘ನೀವು ಮೊದ್ಲೇ ಹೀಗೆ ಹೇಳಬಾರದಿತ್ತಾ ಮೇಡಂ’ ಅಂದರು. ಬೈದರೇ ತಲೆಗೆ ಹೋಗುವುದು ಎಂದ ಗಿರಾಕಿ ಇವರೇ.

ಮೇ ೩೦

ದರ್ಜಿ ಪಾಸು. ಟೆಸ್ಟಿನ ಇನ್ಸ್‌ಪೆಕ್ಟರಿಗೆ ಅವರು ಯಾಕೆ ತಮ್ಮ ತೊಡೆಯ ಮೇಲೆ ತಾವೇ ಬೆರಳಿನಿಂದ ತಟ್ಟಿಕೊಳ್ಳುತ್ತಿದ್ದಾರೆಂದು ಅರ್ಥವಾಗಿಲ್ಲ.

ಜೂನ್ ೧೮

ಔಷಧಿಗಳು ಮುಗಿದವು. ಈಗ ಕರೆಂಟು.

ಬಿಸಿ ನೀರಿನಲ್ಲಿ ನೆನೆಸಿದ ಜಾಳಿಗೆಯಂಥ ಹಾಳೆಯನ್ನು ಮುಖ, ಕುತ್ತಿಗೆಯ ಮೇಲೆ ಎಳೆದು ನನ್ನದೇ ಅಚ್ಚು ಮಾಡಿದ್ದಾರೆ. ದಿನಾ ಅದನ್ನು ಹಾಕಿ ಮೇಜಿಗೆ ಕ್ಲಿಪ್ಪು ಹೊಡೆದು ಕೋಣೆ ಬಿಟ್ಟು ಓಡುತ್ತಾರೆ. ಅಲ್ಲಾಡಬಾರದು, ನುಂಗಬಾರದು, ಮಾತಂತೂ ಇಲ್ಲವೇ ಇಲ್ಲ. ಹೊರಗೆ ಬಂದರೆ ಮುಖದ ಮೇಲೆ ಬಲೆಯ ಗುರುತು. ಇವತ್ತು ಸಂತೆಯಲ್ಲಿ ಮೀನಿನವಳು ನನ್ನನ್ನು ಬಹಳ ಅನುಕಂಪದಿಂದ ನೋಡಿದಳು.

ಜುಲೈ ೭

ಗಂಟಲು ಒಳಗಿಂದ ಸುಟ್ಟಿದೆ. ನೀರು ನುಂಗಿದರೂ ಗಾಜು. ಬಾಯಿ ಒಣಗಿ ನಾಲಿಗೆ ಅಂಟುತ್ತದೆ, ಸಕ್ಕರೆಗೂ ಉಪ್ಪಿಗೂ ವ್ಯತ್ಯಾಸ ಇಲ್ಲ. ಬಂದಿದ್ದ ದನಿ ಪೂರ್ತಿ ಹೋಯಿತು. ತಿರುಗಿ ಬರುತ್ತದೆ, ಎಷ್ಟು ಬರುತ್ತದೆ ಹೇಳಲಾಗುವುದಿಲ್ಲ ಎಂದಳು ರಕ್ತದ ಡಾಕ್ಟರು. ಗೊತ್ತಿಲ್ಲ ಅನ್ನುವುದಕ್ಕೆ ಡಾಕ್ಟರುಗಳ ಕಡೆ ಎಷ್ಟೊಂದು ಪದಗಳು.

ಜುಲೈ ೧೦

ಬರೆಯಲೂ ಬೇಜಾರು.

ಜುಲೈ ೧೨

ಒಂದು ವಿಷಯ ಬರೆದಿಡಬೇಕು. ಪೊರಕೆಯಿಂದ ಕುರ್ಚಿ ಅಲ್ಲಾಡಿಸುವ ಕೆಲಸ ನಿಂತು ಬಹಳ ದಿನವಾಯಿತು. ಯಾವಾಗ ನಿಂತಿತೋ ನನಗೆ ನೆನಪಿಲ್ಲ. ನಾನು ಆಸ್ಪತ್ರೆಯಿಂದ ಬರುವ ಹೊತ್ತಿಗೆ ಬಾಗಿಲು ಹಾರುಹೊಡೆದಿರುತ್ತದೆ, ಹೊಸ್ತಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಅತ್ತೆ ಬೀದಿ ನೋಡುತ್ತ ಕೂತಿರುತ್ತಾರೆ. ಕಳ್ಳರ ಭಯ ಏನಾಯಿತು ಎಂದು ಬರೆದು ಕೇಳಿದೆ. ‘ಒಳಗೆ ಸೆಕೆ’ ಅಂದರು. ಇವತ್ತು ಜಡಿಮಳೆ, ಚಳಿ. ಸ್ವೆಟರು ಹಾಕಿಕೊಂಡು ಸೆಕೆಗೆ ಕೂತಿದ್ದರು.

ಆಗಸ್ಟ್ ೨೧

ಗಂಜಿಯ ಬದಲು ಮೆತ್ತನೆಯ ಬ್ರೆಡ್ಡು ಇಳಿಯಿತು. ಅತ್ತೆ ಅದನ್ನು ಹಾಲಿನಲ್ಲಿ ನೆನೆಸಿ, ಅಂಚು ಕಿತ್ತು ಕೊಟ್ಟಿದ್ದರು. ಅಂಚನ್ನು ತಾವು ತಿಂದರು. ಇರುವುದೇ ನಾಲ್ಕು ಹಲ್ಲು.

ದನಿ ಬಂದಿದೆ. ಬಂ‌ದಿದೆ ಎಂದರೆ ಅದೂ ಒಂದು ಉತ್ಪ್ರೇಕ್ಷೆ. ಪಕ್ಕದಲ್ಲಿ ಕೂತವರಿಗೆ ಕೇಳುತ್ತದೆ. ಗೇಟಿಗೆ ಮುಟ್ಟುವುದಿಲ್ಲ. ಅತ್ತೆಗಂತೂ ಕೇಳುವ ಮಾತೇ ಇಲ್ಲ. ಇವತ್ತು ಅವರ ಕಿವಿಯ ಹತ್ತಿರ ಬಾಯಿ ಇಟ್ಟು ಟೀ ಬೇಕಾ ಅಂದೆ. ‘ಊದಬೇಡ, ಕಚಗುಳಿ ಆಗುತ್ತೆ’ ಅಂದರು. ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ಯಾಕೋ ತುಂಬ ಹೊತ್ತು ಅಳು ಬಂತು. ಅವರಿಗೆ ಈ ಪ್ರಪಂಚದಲ್ಲಿ ಕೇಳುತ್ತಿದ್ದದ್ದು ಒಂದೇ ಸದ್ದು. ಅದನ್ನೂ ನಾನು ಮುಗಿಸಿಬಿಟ್ಟೆ.

ಸೆಪ್ಟೆಂಬರ್ ೨೪

ಸ್ಕ್ಯಾನು ಸ್ವಚ್ಛ. ಮೂಗಿನ ಕೊಳವೆಯಲ್ಲೂ ನೋಡಿದರು, ಎರಡು ಬಿಳಿ ಎಳೆಗಳು ಮಾತ್ರ ಇವೆ, ಬಾಡಿಗೆಯವರು ಖಾಲಿ ಮಾಡಿದ್ದಾರೆ. ಗಂಟಲ ಡಾಕ್ಟರೂ ಬಂದು ಇಣುಕಿದರು. ಮೂರು ತಿಂಗಳಿಗೊಮ್ಮೆ ಬರಬೇಕು, ಮರಳಿ ಬರಬಾರದೆಂದೇನೂ ಇಲ್ಲ ಅಂದರು. ದನಿ ಇದಕ್ಕಿಂತ ಹೆಚ್ಚೇನೂ ಏರಲಿಕ್ಕಿಲ್ಲ, ಕರೆಂಟು ಎಳೆಗಳನ್ನು ಬಿಗಿ ಮಾಡಿದೆ ಎಂದೂ ಅಂದರು. ಹೊರಡುವಾಗ ಬಾಗಿಲಿನ ಹತ್ತಿರ ಇದ್ದೆ. ‘ಬಾಗಿಲು ತೆಗೀಲಾ, ಕೀಳ್ಲಾ?’ ಎಂದು ಕೇಳಿದೆ. ಈ ಸಲ ನಕ್ಕರು.

ಇವರು ಅಂಗಡಿಗೆ ಹೋದರು. ನಾನೊಬ್ಬಳೇ ಮನೆಗೆ ಬಂದೆ. ಬಾಗಿಲು ಮುಚ್ಚಿತ್ತು. ಹೊಸ್ತಿಲಲ್ಲಿ ಕುರ್ಚಿ ಇಲ್ಲ, ಅತ್ತೆ ಇಲ್ಲ. ಒಳಗಿನಿಂದ ಚಿಲಕ. ಎಲ್ಲಾದರೂ ಬಿದ್ದಿದ್ದಾರೋ ಎಂದು ಕಿಟಕಿಗೆ ಓಡಿದೆ. ಅದೂ ಹಾಕಿತ್ತು, ಪೊರಕೆ ತೂರಿಸಲು ಸಂದಿಯಿಲ್ಲ. ಏನೂ ತೋಚದೆ, ಉಪಯೋಗವಿಲ್ಲವೆಂದು ಗೊತ್ತಿದ್ದೂ, ಬಾಗಿಲಿಗೆ ಮುಖ ಇಟ್ಟು ಆ ಸ್ವೆಟರಿನ ದನಿಯಲ್ಲಿ ಅಂದೆ: ‘ಅತ್ತೆ, ಬಾಗಿಲು ತೆಗೀರಿ.’

ಚಿಲಕ ಸರಿಯಿತು.

ಅತ್ತೆ ನಿಂತಿದ್ದರು. ಕಿವಿಯಲ್ಲಿ ಯಂತ್ರ, ಬೇಕೆಂದೇ ಕೂದಲನ್ನು ಹಿಂದಕ್ಕೆ ಕಟ್ಟಿದ್ದಾರೆ, ಬೀದಿಗೆಲ್ಲ ಕಾಣಲಿ ಎನ್ನುವ ಹಾಗೆ. ಮೇಜಿನ ಮೇಲೆ ಆ ನೀಲಿ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ನಾನು ಬರುವ ಮೊದಲೇ ಇವರು ಫೋನು ಮಾಡಿ ಸ್ಕ್ಯಾನಿನ ವಿಷಯ ಹೇಳಿದ್ದರಂತೆ. ಫೋನು ಕೇಳಿಸಿತಂತೆ.

‘ಇಷ್ಟೇನಾ ನಿನ್ನ ದನಿ? ಇಷ್ಟು ವರ್ಷ ಇಷ್ಟಕ್ಕೆ ಹೆದರ್ತಿದ್ದೆನಾ ನಾನು’ ಅಂದರು. ಆಮೇಲೆ ಪೆಟ್ಟಿಗೆಯ ಕಡೆ ಗದ್ದ ತೋರಿಸಿ, ‘ನಿಂದು ತೆಗೀಲಿಲ್ವಲ್ಲ, ಅದಕ್ಕೇ ನಂದು ತೆಗೆದೆ’ ಅಂದರು.

ಒಳಗೆ ಹೋಗಿ ಟೀಗೆ ಇಟ್ಟೆ. ಚಮಚ ಬಿದ್ದ ಸದ್ದಿಗೆ ಹೊರಗಿನಿಂದ ಬೈದರು, ನಿಧಾನಕ್ಕೆ ಇಡಬಾರದಾ, ನಾನೇನು ಕಿವುಡಿಯಾ ಎಂದು. ಆ ಯಂತ್ರದ ಬ್ಯಾಟರಿ ಎಲ್ಲಿ ಸಿಗುತ್ತದೆಂದು ನಾಳೆ ಇವರನ್ನು ಕೇಳಬೇಕು.